ಕಲೆಯ ಕೆಳಗಿನ ಸಾಲು

ಮಲಯಾಳ ನಾಡಿನ ಮೀನಂಗಡಿಯ ಕಾಲೇಜೊಂದರಲ್ಲಿ ನಾನು ಕಂಪ್ಯೂಟರ್ ಪಾಠ ಮಾಡುತ್ತಿದ್ದಾಗ, ಅಲ್ಲಿ ನನ್ನೊಡನೆ ಕನ್ನಡ ಮಾತಾಡುತ್ತಿದ್ದವರು ಕ್ಯಾಂಟೀನಿನ ಅಡುಗೆಯವರೊಬ್ಬರೇ. ಕನ್ನಡ ಗಡಿಗೆ ಹತ್ತಿರದ ನೂಲ್ಪುಳದ ಕಡೆಯವರು. ಅಕ್ಕ ಎಂದೇ ಕರೆಯುತ್ತಿದ್ದೆ. ಓದಿದ್ದು ಮಲಯಾಳ ಶಾಲೆಯಲ್ಲಾದ್ದರಿಂದ ಅವರಿಗೆ ಕನ್ನಡ ಅಕ್ಷರ ಬಾರದು.

ಒಂದು ಮಧ್ಯಾಹ್ನ ಮಡಿಸಿದ ಹಾಳೆಯೊಂದನ್ನು ತಂದರು.

“ತೀರ್ಕೊಂಡ ಅವ್ವನ ಪೆಟ್ಟಿಲಿ ಸಿಕ್ತು ಟೀಚರೆ, ಈ ಕಡಲಾಸು. ಮಳೆನೀರು ಬಿದ್ದು ಹಾಳಾಗ್ಬಿಟ್ಟದೆ. ಏನ್ ಬರ್ದವ್ಳೆ, ನೋಡ್ತೀರಾ?”

ಅದು ಮಕ್ಕಳು ಹುಟ್ಟಿದ ತಿಂಗಳು, ನಕ್ಷತ್ರ ಬರೆದಿಟ್ಟ ಹಾಳೆ. ಹಾಳೆಯ ಕೆಳಭಾಗದಲ್ಲಿ ಒಂದು ಹೆಣ್ಣು, ಒಂದು ಗಂಡು ಮಗುವಿನ ಸಾಲು. “ನಾನು, ನನ್ ತಮ್ಮ,” ಎಂದರು. ಆ ಎರಡು ಸಾಲಿಗಿಂತ ಮೇಲುಗಡೆ ಅಂಗೈಯಗಲದ ಕಂದು ಕಲೆ. ಅದರೊಳಗೆ ಇನ್ನೂ ಒಂದು ಸಾಲು ಇದ್ದಂತಿತ್ತು.

ಫೋನಿನಲ್ಲಿ ಫೋಟೋ ತೆಗೆದುಕೊಂಡೆ. ಬೆಳಕು ಹೆಚ್ಚಿಸಿದರೆ ಕಲೆಯ ಜೊತೆ ಅಕ್ಷರವೂ ಅಳಿಸಿಹೋಗುತ್ತಿತ್ತು. ಆಗ ತರಗತಿಯಲ್ಲಿ ಕಲಿಸುತ್ತಿದ್ದ ಪ್ರಿನ್ಸಿಪಲ್ ಕಾಂಪೊನೆಂಟ್ ಅನಾಲಿಸಿಸ್ ಎಂಬ ಲೆಕ್ಕ ನೆನಪಾಯಿತು. ಫೋಟೋದ ಕೆಂಪು, ಹಸಿರು, ನೀಲಿ ಮೂರೂ ಬಹುಮಟ್ಟಿಗೆ ಒಂದೇ ಸಂಗತಿಯನ್ನು ಹೇಳುತ್ತಿರುತ್ತವೆ. ಈ ಲೆಕ್ಕ ಅವನ್ನು ಬೆರೆಸಿ, ಒಂದರ ಮಾತು ಇನ್ನೊಂದರಲ್ಲಿ ಬಾರದಂತೆ ಮೂರು ಹೊಸ ಚಿತ್ರ ಮಾಡಿಕೊಡುತ್ತದೆ. ವ್ಯತ್ಯಾಸದ ಬಹುಪಾಲು ಮೊದಲನೆಯದಕ್ಕೆ ಸೇರುತ್ತದೆ. ಕೊನೆಯದರಲ್ಲಿ ಉಳಿಯುವುದು ಅತ್ಯಲ್ಪ. ಅದನ್ನು ಬಿಟ್ಟರೂ ನಷ್ಟವಿಲ್ಲ ಎಂದು ಎಷ್ಟೋ ಸಲ ಬೋರ್ಡಿನ ಮೇಲೆ ಬರೆದಿದ್ದೆ.

ಮೊದಲ ಚಿತ್ರದ ತುಂಬ ಕಲೆಯೇ. ಎರಡನೆಯದರಲ್ಲಿ ಕಾಗದದ ಹಳದಿ. ಮೂರನೆಯದನ್ನು ಸುಮ್ಮನೆ ತೆರೆದೆ. ಮರಳು ಚೆಲ್ಲಿದಂತಿದ್ದ ಆ ಚಿತ್ರದಲ್ಲಿ ಮಾಸಿದ ನೀಲಿ ಶಾಯಿ ಎದ್ದು ನಿಂತಿತ್ತು: ‘ಹಿರೀ ಹೆಣ್ಣು ಮಗು.’ ಮುಂದೆ ಒಂದು ಸಂಖ್ಯೆ, ಆಮೇಲೆ ‘ದಿನ ಇದ್ದಳು.’

ಓದಲಾಗಲಿಲ್ಲ ಎಂದುಬಿಡೋಣವೇ ಎಂದು ಎರಡು ದಿನ ಯೋಚಿಸಿದೆ. ಆದರೆ ಹಾಳೆ ನನ್ನದಲ್ಲ, ತಾಯಿಯೂ ನನ್ನವರಲ್ಲ. ಮುಚ್ಚಿಡಲು ನಾನು ಯಾರು? ಮೂರನೆಯ ದಿನ ಅಡುಗೆಮನೆಗೇ ಹೋಗಿ ಓದಿ ಹೇಳಿದೆ.

ಅಕ್ಕ ಒಲೆ ಆರಿಸಿ, ಸ್ಟೂಲೆಳೆದು ಕೂತರು.

“ಊರೋರೆಲ್ಲ ನನ್ನೇ ಹಿರೀಮಗಳು ಅಂತಿದ್ರು,” ಎಂದರು. “ಅವ್ವ ಮಾತ್ರ ಒಂದಿನಾನೂ ಹಂಗನ್ಲಿಲ್ಲ.”

ಆಮೇಲೆ ಕೇಳಿದರು: “ಎಷ್ಟು ದಿನ ಇದ್ಳಂತೆ?”

ಆ ಸಂಖ್ಯೆಯಲ್ಲಿ ಮೊದಲ ಅಂಕಿ ‘೧’ ಮಾತ್ರ ಉಳಿದಿತ್ತು. ಎರಡನೆಯ ಅಂಕಿ ಇದ್ದ ಜಾಗ ಮಡಿಕೆಯಲ್ಲಿ ಹರಿದುಹೋಗಿತ್ತು. ಇಲ್ಲದ ಕಾಗದವನ್ನು ಯಾವ ಲೆಕ್ಕವೂ ತರಲಾರದು.

“ಹತ್ತು ದಿನಕ್ಕೆ ಕಮ್ಮಿ ಇಲ್ಲ ಅಕ್ಕಾ,” ಎಂದೆ.

“ಹತ್ತು ದಿನ,” ಎಂದು ಅವರು ತಲೆಯಾಡಿಸಿದರು. “ಅವ್ವ ಅವ್ಳನ್ನ ಎತ್ಕೊಂಡಿರ್ತಾಳೆ, ಹಂಗಾದ್ರೆ.”