ಉಮಾ ಬಳಸಿದ ಭೂತಕಾಲ

ಮುಂದಾಗುವುದು ಕೆಲವರಿಗೆ ಮೊದಲೇ ತಿಳಿಯುತ್ತದೆಂಬ ಮಾತನ್ನು ನಾನು ಎಂದೂ ನಂಬಿದವನಲ್ಲ. ಚಳ್ಳಕೆರೆಯ ಶಾಲೆಯೊಂದರಲ್ಲಿ ಬಹುಕಾಲ ವ್ಯಾಕರಣ ಕಲಿಸಿದ ನನಗೆ ಭವಿಷ್ಯತ್ತೆಂಬುದು ಕ್ರಿಯಾಪದದ ಒಂದು ರೂಪ ಮಾತ್ರವಾಗಿತ್ತು. ನಡೆದುದನ್ನು ನಡೆದಂತೆಯೇ ಬರೆಯುತ್ತೇನೆ. ನಂಬುವುದು ಬಿಡುವುದು ಓದುಗರಿಗೆ ಸೇರಿದ್ದು.

ಇದು ಎರಡು ಸಾವಿರದ ಇಸವಿ ಕಳೆದ ಮೇಲಿನ ಮಾತು. ಬಿ.ಜಿ. ಕೆರೆಗೆ ಕೊಟ್ಟಿದ್ದ ನನ್ನ ತಂಗಿ ನೀಲಮ್ಮನಿಗೆ ಉಮಾ ಒಬ್ಬಳೇ ಮಗಳು. ಬೆಳೆಯುವ ವಯಸ್ಸಿನಲ್ಲಿ ಆ ಹುಡುಗಿಯ ಬೆನ್ನುಮೂಳೆ ಪಕ್ಕಕ್ಕೆ ಡೊಂಕಾಗುತ್ತ ಹೋಯಿತು. ಮಗಳು ನೆಟ್ಟಗೆ ನಿಂತದ್ದನ್ನು ಕಣ್ತುಂಬ ನೋಡಬೇಕೆಂಬುದೊಂದೇ ನೀಲಮ್ಮನ ಆಸೆ. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸೆ ನಿಶ್ಚಯವಾಯಿತು. ಹೃದಯದ ಕಾಯಿಲೆಯಿದ್ದ ನೀಲಮ್ಮ ಪ್ರಯಾಣ ಮಾಡುವಂತಿರಲಿಲ್ಲ. ಗಂಡ ಅವಳೊಡನೆ ಉಳಿದ, ಉಮಾಳ ಜೊತೆಗೆ ನಾನು ಹೋದೆ.

ಮೂಳೆಗಳಿಗೆ ಸ್ಕ್ರೂ ಕೂಡಿಸಿ, ಅವುಗಳಿಗೆ ಸರಳು ಜೋಡಿಸಿ ಬೆನ್ನನ್ನು ನೇರ ಮಾಡುವರೆಂದು ಡಾಕ್ಟರು ವಿವರಿಸಿದರು. ಸ್ಕ್ರೂ ತುಸು ದಾರಿ ತಪ್ಪಿದರೂ ಪಕ್ಕದ ಬೆನ್ನುಹುರಿಗೆ ಅಪಾಯ; ಆದ್ದರಿಂದ ಆಪರೇಷನ್ನಿನ ನಡುವೆಯೇ ಸ್ಕ್ಯಾನ್ ತೆಗೆದು, ಪರದೆಯ ಮೇಲಿನ ಚಿತ್ರ ನೋಡುತ್ತ ಅದನ್ನು ಒಳಗೆ ಇಳಿಸುತ್ತಾರಂತೆ.

ಆಪರೇಷನ್ನಿನ ಹಿಂದಿನ ದಿನ ಮಧ್ಯಾಹ್ನ ಉಮಾ ಕಿಟಕಿಯ ಕಡೆ ನೋಡುತ್ತ, ನಿರಾಳವಾಗಿ ಹೇಳಿದಳು: "ಮೇಲೆ ಎಡಗಡೆ ಒಂದು ಸ್ಕ್ರೂ ಹಾಕ್ಲಿಲ್ಲ ಮಾವ, ಅಲ್ಲಿ ಜಾಗ ಇರ್ಲಿಲ್ಲ. ನಾನು ನೆಟ್ಟಗೆ ನಿಂತೆ. ಅವ್ವ ನೋಡ್ಲಿಲ್ಲ."

ಅಭ್ಯಾಸಬಲದಿಂದ ತಿದ್ದಿದೆ. ನಾಳೆಯ ಕೆಲಸಕ್ಕೆ ಭೂತಕಾಲ ಸಲ್ಲದು. 'ನಿಲ್ಲುತ್ತೇನೆ', 'ನೋಡುತ್ತಾಳೆ' ಎನ್ನಬೇಕೆಂದೆ. ಅವಳು ನಕ್ಕಳು.

"ನಿಮ್ಮ ವ್ಯಾಕರಣ ನೆಟ್ಟಗೈತೆ ಬಿಡ್ರಿ ಮಾವ, ನನ್ ಬೆನ್ನೇ ಸೊಟ್ಟ."

ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ಮುಗಿಯಿತು. ಮೇಲುಭಾಗದ ಎಡಗಡೆ ಒಂದು ಮೂಳೆ ತೀರ ಕಿರಿದಾಗಿರುವುದು ಒಳಗೆ ತೆಗೆದ ಚಿತ್ರದಲ್ಲಿ ಕಂಡಿತೆಂದೂ ಅಲ್ಲಿ ಸ್ಕ್ರೂ ಹಾಕದೆ ಬಿಟ್ಟರೆಂದೂ ಡಾಕ್ಟರು ತಿಳಿಸಿದರು. ಇದು ಮೊದಲೇ ಗೊತ್ತಿತ್ತೇ ಎಂದು ಕೇಳಿದೆ. ಇಲ್ಲ, ಹಿಂದಿನ ಚಿತ್ರಗಳ ಪ್ರಕಾರ ಅಲ್ಲಿಯೂ ಹಾಕುವುದೆಂದೇ ಇತ್ತು ಎಂದರು. ಉಮಾ ಆಡಿದ ಕೊನೆಯ ವಾಕ್ಯವನ್ನು ನೆನೆಯದಿರಲು ಯತ್ನಿಸಿದೆ.

ಅವಳು ನಿಂತಳು, ನಡೆದಳು. "ಎಷ್ಟು ಉದ್ದ ಆಗ್ಯಾಳಣ್ಣ?" ಎಂದು ನೀಲಮ್ಮ ಫೋನಿನಲ್ಲಿ ಕೇಳಿದಳು. "ಬೇಗ ಕರ್ಕಂಡು ಬಾ, ಬಾಗ್ಲಾಗೆ ನಿಲ್ಲಿಸ್ಕೊಂಡು ನೋಡ್ತೀನಿ."

ಉಮಾಳನ್ನು ಮನೆಗೆ ಕರೆತರುವ ದಿನ, ಕಾರು ತಳಕು ದಾಟುತ್ತಿದ್ದಾಗ ನೀಲಮ್ಮನ ಗಂಡನ ಫೋನು ಬಂತು. ಬೆಳಿಗ್ಗೆ ಬಾಗಿಲಿಗೆ ನೀರು ಹಾಕಲು ಹೋದ ನೀಲಮ್ಮ ಅಲ್ಲಿಯೇ ಕುಸಿದು ತೀರಿಕೊಂಡಿದ್ದಳು.

ನಮ್ಮವರ ಪದ್ಧತಿಯಂತೆ ಅವಳನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಬಗ್ಗಿ ಅವ್ವನ ಪಾದ ಮುಟ್ಟೆಂದು ಹೆಂಗಸರು ಉಮಾಳಿಗೆ ಹೇಳಿದರು. ಸರಳು ಕೂಡಿಸಿದ ಬೆನ್ನು ಬಗ್ಗಲಿಲ್ಲ. ಅಷ್ಟು ಜನರ ನಡುವೆ ಅವಳೊಬ್ಬಳೇ ನೆಟ್ಟಗೆ ನಿಂತಿದ್ದಳು.

ಉಮಾ ಅಂದು ಆಡಿದ್ದನ್ನೆಲ್ಲ ಯಾರಿಂದಲಾದರೂ ಕೇಳಿದ್ದಳೇ, ತಾಯಿಯ ಕಾಯಿಲೆಯಿಂದ ಊಹಿಸಿದಳೇ ಎಂದು ಎಷ್ಟೋ ಬಗೆಯಲ್ಲಿ ಯೋಚಿಸಿದ್ದೇನೆ. ಯಾವುದೂ ಪೂರ್ತಿ ಹೊಂದುವುದಿಲ್ಲ. ಕೆಲವು ವರ್ಷಗಳ ಮೇಲೆ ಅವಳನ್ನೇ ಕೇಳಿದೆ. ನೆನಪಿಲ್ಲವೆಂದಳು. ಆಮೇಲೆ, "ಹಂಗಂದಿದ್ರೆ ಅವತ್ತೇ ಊರಿಗೆ ಕರ್ಕಂಡು ಹೋಗ್ಬೇಕಿತ್ತಲ್ಲ ಮಾವ" ಎಂದಳು.

ಕರೆದೊಯ್ದಿದ್ದರೆ ನೀಲಮ್ಮ ಉಳಿಯುತ್ತಿದ್ದಳೇ? ನನಗೆ ಇಂದಿಗೂ ತಿಳಿಯದು.