ನಾಲಿಗೆ ಕೆಳಗಿನ ಗುಳ್ಳೆ

ಮೊಮ್ಮಗಳು ಲವಂಗದ ಎಣ್ಣೆ ಬಾಟ್ಲಿಯ ಮುಚ್ಚಳ ತೆಗೆದಳು. ನನ್ನ ದವಡೆ ಹಲ್ಲು ನೋಯ್ತಿತ್ತು, ಅದಕ್ಕೆ. ವಾಸನೆ ಮೂಗಿಗೆ ಬಡಿದದ್ದೇ ತಡ, ಆಯಮ್ಮ ಬಂದು ಮುಂದೆ ಕೂತಂಗಾಯ್ತು.

ನಾವು ಕಲಬುರಗಿ ಕಡೆಯಿಂದ ಬಂದು ರಾಮಮೂರ್ತಿನಗರದಲ್ಲಿ ಬಾಡಿಗೆ ರೂಮು ಹಿಡಿದಿದ್ವಿ. ಪಕ್ಕದ ರೂಮಲ್ಲಿ ಆಯಮ್ಮ ಒಬ್ಬಳೇ. ಫ್ರೇಜರ್‌ಟೌನಿನ ಹಲ್ಲು ಡಾಕ್ಟರ ಹತ್ತಿರ ಆಯಾ ಆಗಿದ್ದು ಬಿಟ್ಟವಳು. ಡಾಕ್ಟರು ಬಿಸಾಕಿದ, ಬಾಯೊಳಗೆ ನೋಡೋ ಪುಟ್ಟ ಕನ್ನಡಿ ಸೆರಗಿನ ಗಂಟಲ್ಲೇ ಇರೋದು. ಸಾಲುಮನೆ ಮಕ್ಕಳ ಬಾಯಿಹುಣ್ಣು, ಅಲ್ಲಾಡೋ ಹಾಲುಹಲ್ಲು, ಎಲ್ಲಾ ಅವಳ ಹತ್ರಾನೇ. ನಾನೂ ನಂಬಿದೆ. ಗೊತ್ತಿಲ್ಲದ ಊರಲ್ಲಿ ಒಬ್ಬರನ್ನಾದ್ರೂ ನಂಬಬೇಕಲ್ಲ...

ಮೊಮ್ಮಗಳು ಆಗ ಚಿಕ್ಕವಳು. ನಾಲಿಗೆ ಕೆಳಗೆ ಗುಳ್ಳೆ ಎದ್ದಿತು. ನೀಲಿ ಬಣ್ಣ, ಕಪ್ಪೆ ಹೊಟ್ಟೆ ಇದ್ದಂಗೆ. ರೊಟ್ಟಿ ನುಂಗೋಕಾಗದು, ಮಾತು ತೊದಲು. ಆಯಮ್ಮ ಸೂಜಿ ಕಾಸಿ, ಕರವಸ್ತ್ರದಲ್ಲಿ ನಾಲಿಗೆ ಹಿಡಿದೆತ್ತಿ ಚುಚ್ಚಿದಳು. ಮೊಟ್ಟೆಯ ಬಿಳಿಯಂಥ ಅಂಟು ನೀರು ಸುರೀತು. ಲವಂಗದ ಎಣ್ಣೆ ಮುಟ್ಟಿಸಿ, "ಈಗ ರೊಟ್ಟಿ ಅನ್ನು ನೋಡೋಣ, ರಾಣಿ" ಅಂದಳು. ಕೂಸು ಸರಿಯಾಗಿ ಅಂತು. ಐಸ್‌ಕ್ಯಾಂಡಿ ಚೀಪ್ತಾ ಅವಳ ಮಡಿಲಲ್ಲೇ ನಿದ್ದೆ ಹೋಯ್ತು. ನಾನು ಆಯಮ್ಮನ ಕೈ ಕಣ್ಣಿಗೊತ್ತಿಕೊಂಡೆ.

ಸ್ವಲ್ಪ ದಿನಕ್ಕೆ ಗುಳ್ಳೆ ಮತ್ತೆ ತುಂಬೋದು. ಮತ್ತೆ ಸೂಜಿ, ಮತ್ತೆ ಐಸ್‌ಕ್ಯಾಂಡಿ, ಮತ್ತೆ ಮಡಿಲು. ಆಸ್ಪತ್ರೆಗೆ ಹೋಗೋಣೇನು ಅಂದ್ರೆ, "ನಿಮಗೇನು ಹುಚ್ಚಾ? ಅಲ್ಲಿ ಕತ್ತರಿ ಹಾಕ್ತಾರೆ. ಕೂಸು ಮೂಗಿ ಆಗ್ಬಿಡ್ತಾಳೆ" ಅನ್ನೋಳು. ನಾನು ಕೂಸನ್ನ ಮತ್ತೆ ಅವಳ ಮಡಿಲಿಗೇ ಹಾಕ್ತಿದ್ದೆ.

ಒಂದು ಸಲ ಊತ ಗದ್ದದ ಕೆಳಗೂ ಇಳೀತು. ಮಲಗಿದರೆ ಉಸಿರು ಗೊರಗೊರ. ಆಯಮ್ಮ ಆಗಲೂ ಸೂಜೀನೇ ಕಾಸ್ತಿದ್ದಳು. ಅವತ್ತು ಹಲಸೂರಿಂದ ಅವಳ ಮಗಳು ಬಂದಿದ್ದಳು. ಕೂಸಿನ ಬಾಯಿ ಬಗ್ಗಿ ನೋಡಿ, "ಅಮ್ಮಾ, ನನಗಾಗಿದ್ದೂ ಇದೇ ಅಲ್ವಾ? ನನಗೆ ನೀನೇ ಆಪರೇಷನ್ ಮಾಡಿಸ್ದೆ. ಇವ್ಳಿಗ್ಯಾಕೆ ಸೂಜಿ?" ಅಂದಳು. ತನ್ನ ನಾಲಿಗೆ ಎತ್ತಿ ನನಗೆ ತೋರಿಸಿದಳು. ಕೆಳಗೆ ಹೊಲಿಗೆಯ ಬಿಳಿ ಗೆರೆ. ಮಾತು ಮಾತ್ರ ಪಟಪಟ.

ಆಯಮ್ಮ ತಲೆ ಎತ್ತಲಿಲ್ಲ. "ವಾಸಿಯಾದ್ರೆ ಕೂಸು ನನ್ ಹತ್ರ ಬರೋದು ಬಿಟ್ಬಿಡುತ್ತೆ..." ಅಂದಳು.

"ನಿನ್ನ ಮಡಿಲು ತುಂಬೋಕೆ ನನ್ನ ಕೂಸಿನ ಬಾಯಿ ಬೇಕಿತ್ತಾ?" ಅಂದೆ. ಕೂಸನ್ನ ಎತ್ಕೊಂಡು ಹೊರಟೆ.

ಆಸ್ಪತ್ರೇಲಿ ಡಾಕ್ಟರಮ್ಮ ಬೈದರು. "ಇದು ಕೀವಲ್ಲ ಅಜ್ಜಿ, ಜೊಲ್ಲು. ಒಳಗಿನ ಗ್ರಂಥಿಯಿಂದ ಸೋರಿ ಅಲ್ಲೇ ನಿಲ್ಲುತ್ತೆ. ಚುಚ್ಚಿದ ತೂತು ಮುಚ್ಚಿದ್ರೆ ಮತ್ತೆ ತುಂಬುತ್ತೆ." ಮತ್ತಿನ ಔಷಧಿ ಕೊಟ್ಟು, ನಾಲಿಗೆ ಕೆಳಗಿನ ಆ ಗ್ರಂಥೀನೇ ತೆಗೆದರು. ಗುಳ್ಳೆ ಮತ್ತೆ ಬರಲಿಲ್ಲ. ಮಾತೂ ಹೋಗಲಿಲ್ಲ. ಈಗ ಇವಳ ಬಾಯಿ ಮುಚ್ಚಿಸೋದೇ ಕಷ್ಟ.

ನಾವು ರೂಮು ಬದಲಾಯಿಸಿದ್ವಿ. ಆಯಮ್ಮ ಸತ್ತ ಸುದ್ದಿ ಬಂದಾಗ ನಾನು ಹೋಗಲಿಲ್ಲ. ಹೋಗಬೇಕಿತ್ತು ಅಂತ ಈಗಲೂ ಅನ್ನಿಸಲ್ಲ.

ಮೊಮ್ಮಗಳು ಹತ್ತಿಗೆ ಎಣ್ಣೆ ಅದ್ದಿ, "ಅಜ್ಜಿ, ಆ ಅನ್ನು" ಅಂದಳು. ನನಗೆ ಬಾಯಿ ತೆರೆಯೋಕಾಗಲಿಲ್ಲ.

"ಕೊಡಿಲ್ಲಿ, ನಾನೇ ಹಚ್ಕೊಂತೀನಿ."

"ನನ್ ಮೇಲೂ ನಂಬಿಕೆ ಇಲ್ವೇನಜ್ಜಿ?" ಅಂತ ನಕ್ಕಳು.

ನಗಲಿ. ಕನ್ನಡಿ ಮುಂದೆ ನಿಂತು ನಾನೇ ಹಚ್ಚಿಕೊಂಡೆ. ಕೈ ನಡುಗಿ ಅರ್ಧ ಎಣ್ಣೆ ತುಟಿಗೇ ಹೋಯ್ತು. ಆಯಮ್ಮನ ಕೈ ನಡುಗುತ್ತಿರಲಿಲ್ಲ...