ಐದನೆಯದು ಗಂಡೇ ಅಂದರು

ಹೋದ ಸೋಮವಾರ ನನ್ನ ಹಳೆಯ ಶಿಷ್ಯನೊಬ್ಬ ನರ್ಸಿಂಗ್ ಹೋಮಿನ ಕಾರಿಡಾರಿನಲ್ಲಿ ಸಿಕ್ಕ. ಹೆಂಡತಿಗೆ ಹೆರಿಗೆಯಾಗಿತ್ತು. ಆದರೆ ಕೈಯಲ್ಲಿ ಪೇಡೆ ಡಬ್ಬಿ ಇರಲಿಲ್ಲ, ಮುಖದಲ್ಲಿ ನಗುವೂ ಇರಲಿಲ್ಲ.

"ಮೂರನೇದೂ ಹೆಣ್ಣೇ, ಟೀಚರ್" ಅಂದ. ಆಮೇಲೆ ತನಗೆ ತಾನೇ ಸಮಾಧಾನ ಹೇಳಿಕೊಂಡ. "ಇರ್ಲಿ ಬಿಡ್ರಿ. ಮೂರು ಹೆಣ್ಣಾದ ಮ್ಯಾಲ ಮುಂದಿಂದು ಗಂಡೇ ಆಗಬೇಕಲ್ರಿ. ಪ್ರಾಬಬಿಲಿಟಿ ಹಂಗೇ ಅದ ಅಲ್ಲೇನು?"

ಪ್ರಾಬಬಿಲಿಟಿ! ಆ ಪಾಠವನ್ನು ಅವನಿಗೆ ಕಲಿಸಿದವಳು ನಾನೇ. ಅದರಲ್ಲಿ ಪೂರ್ತಿ ಮಾರ್ಕ್ಸ್ ಕೊಟ್ಟವಳೂ ನಾನೇ.

ಕಾರಿಡಾರಿನಲ್ಲಿ ಪಾಠ ಮಾಡುವ ಮನಸ್ಸಾಗಲಿಲ್ಲ. ಒಳಗೆ ಹೋದೆ. ಅವನ ಹೆಂಡತಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಆ ಬೆನ್ನು ನೋಡಿ ನನಗೆ ಅವ್ವ ನೆನಪಾದಳು.

ಅವ್ವನ ವಿಷಯ ನಾನು ಈ ಅಂಕಣದಲ್ಲಿ ಎಂದೂ ಬರೆದಿಲ್ಲ. ಇವತ್ತು ಬರೆಯುತ್ತೇನೆ.

ನಿಜಾಮರ ಕಾಲ. ನಮ್ಮದು ಜಹೀರಾಬಾದು. ಅಪ್ಪನಿಗೆ ಬಜಾರಿನಲ್ಲಿ ಬಟ್ಟೆ ಅಂಗಡಿ. ಮನೆಯಲ್ಲಿ ಅಪ್ಪನ ತಾಯಿ, ಅಂದರೆ ನಮ್ಮ ಆಯಿ, ಹೇಳಿದ್ದೇ ಮಾತು. ಅವ್ವನಿಗೆ ನಾವು ನಾಲ್ಕು ಜನ ಹೆಣ್ಣುಮಕ್ಕಳು. ನಾನೇ ದೊಡ್ಡವಳು, ಹನ್ನೊಂದು ವರ್ಷದವಳಿರಬೇಕು. ಅವ್ವ ಐದನೆಯ ಸಲ ಬಸುರಿಯಾಗಿದ್ದಳು.

"ಈ ಸಲ ಗಂಡೇ" ಅಂತ ಆಯಿ ಬಂದವರಿಗೆಲ್ಲ ಹೇಳುತ್ತಿದ್ದಳು. ಆಕೆ ಬರೀ ಆಸೆಯಿಂದ ಹೇಳುತ್ತಿರಲಿಲ್ಲ. ಆಕೆಯ ಹತ್ತಿರ ಲೆಕ್ಕವಿತ್ತು. "ಬಜಾರದಾಗ ನೋಡ್ರಿ, ಹುಡುಗರು ಎಷ್ಟೋ ಹುಡುಗ್ಯಾರೂ ಅಷ್ಟೇ ಅದಾರ. ದೇವರು ಸರಿ ಮಾಡೇ ಹಂಚತಾನ. ನಮ್ಮ ಪಾಲಿನ ಗಂಡು ಇನ್ನಾ ಬಾಕಿ ಅದ."

ಕೇಳಿದವರೆಲ್ಲ ತಲೆ ಆಡಿಸುತ್ತಿದ್ದರು. ನಾನೂ ಆಡಿಸಿದ್ದೆ. ತಪ್ಪು ಎಲ್ಲಿದೆ ಹೇಳಿ?

ತಪ್ಪು ತೋರಿಸಿದವರು ಕಾಕಾ. ಅಪ್ಪನ ತಮ್ಮ. ಹೈದರಾಬಾದಿನ ಕಾಲೇಜಿನಲ್ಲಿ ಓದುತ್ತಿದ್ದರು, ರಜೆಗೆ ಬಂದಿದ್ದರು. ನನ್ನನ್ನು ಅಂಗಳದಲ್ಲಿ ಕೂಡಿಸಿಕೊಂಡು ಒಂದು ಚಾರಾಣೆ ನಾಣ್ಯ ಕೊಟ್ಟರು. ಆಗಿನ ಚಾರಾಣೆಯ ಒಂದು ಬದಿಗೆ ಚಾರ್‌ಮಿನಾರು, ಇನ್ನೊಂದು ಬದಿಗೆ ಬರೀ ಅಕ್ಷರ.

"ಮ್ಯಾಲ ಒಗಿ" ಅಂದರು.

ಒಗೆದೆ. ಒಗೆಯುತ್ತ ಹೋದೆ. ಒಮ್ಮೆ ಅದು, ಒಮ್ಮೆ ಇದು. ಸುಮಾರು ಹೊತ್ತಿನ ಮೇಲೆ ಒಂದರ ಹಿಂದೊಂದು ನಾಲ್ಕು ಸಲ ಚಾರ್‌ಮಿನಾರೇ ಬಿತ್ತು. ಕಾಕಾ ನನ್ನ ಕೈ ಹಿಡಿದು ನಿಲ್ಲಿಸಿದರು.

"ಈಗ ಯಾವುದು ಬೀಳ್ತದ?"

"ಅಕ್ಷರ, ಕಾಕಾ."

"ಯಾಕ?"

"ನಾಕು ಸಲ ಚಾರ್‌ಮಿನಾರ್ ಬಿದ್ದದಲ್ರಿ. ಇನ್ನ ಅಕ್ಷರದ ಪಾಳಿ."

"ಪಾಳಿ ಅಂತ ನಾಣ್ಯಕ್ಕ ಯಾರು ಹೇಳ್ಯಾರ? ಹಿಂದ ಏನು ಬಿತ್ತು ಅಂತ ಅದು ನೆನಪಿಟ್ಕೊಂಡದೇನು?"

ಮುಂದೆ ಜೀವನವಿಡೀ ನಾನು ಕಲಿಸಿದ ಪಾಠ ಅವತ್ತು ಅಂಗಳದಲ್ಲಿ ಶುರುವಾಯಿತು.

(ವಿದ್ಯಾರ್ಥಿಗಳು ಓದುತ್ತಿದ್ದರೆ ಇಲ್ಲಿ ಒಂದು ನಿಮಿಷ ನಿಲ್ಲಿ. ಒಗೆಯುವುದಕ್ಕೆ ಮೊದಲೇ "ಸಾಲಾಗಿ ಐದು ಸಲ ಚಾರ್‌ಮಿನಾರು ಬೀಳುತ್ತದಾ?" ಎಂದು ಕೇಳಿದರೆ, ಅದರ ಸಂಭವನೀಯತೆ ಮೂವತ್ತೆರಡರಲ್ಲಿ ಒಂದು. ಅರ್ಧವನ್ನು ಐದು ಸಲ ಗುಣಿಸಿ ನೋಡಿ. ಆದರೆ ನಾಲ್ಕು ಸಲ ಆಗಲೇ ಬಿದ್ದಾಗಿದೆ ಎಂದ ಮೇಲೆ ಐದನೆಯದಕ್ಕೆ ಅರ್ಧ. ಬರೀ ಅರ್ಧ. ನೂರಾರು ಸಲ ಒಗೆದಾಗ ಎರಡೂ ಬದಿ ಹೆಚ್ಚುಕಡಿಮೆ ಸಮವಾಗುವುದು ನಿಜ. ಅದು ಆವರೇಜ್. ಅದು ಇಡೀ ಬಜಾರಿನ ಲೆಕ್ಕ, ಒಂದು ಮನೆಯದಲ್ಲ.)

ಕಾಕಾ ಇದನ್ನೇ ಆಯಿಗೂ ಹೇಳಿದರು. "ಅವ್ವಾ, ಹಿಂದಿನ ನಾಕು ಲೆಕ್ಕಕ್ಕ ಬರಂಗಿಲ್ಲ. ಈ ಸಲನೂ ಅರ್ಧ ಅಂತ ಹಿಡಿ."

"ಅರ್ಧ ಅಂದ್ರ? ಅರ್ಧ ಗಂಡು ಹುಟ್ತದೇನೋ? ಇಷ್ಟು ರೊಕ್ಕ ಸುರಿದು ಓದಿಸಿದ್ದು ಇದಕ್ಕೇನು?"

ಎಲ್ಲರೂ ನಕ್ಕರು. ಅವ್ವ ನಗಲಿಲ್ಲ. ಆಯಿಯ ಖಾತ್ರಿಯ ಮಾತಿಗೆ ಇನ್ನೊಂದು ತುದಿ ಇತ್ತು, ಅದು ಅವ್ವನಿಗೆ ಗೊತ್ತಿತ್ತು. ಇಷ್ಟು ಖಾತ್ರಿಯಾಗಿದ್ದದ್ದು ಆಗದೇ ಹೋದರೆ ತಪ್ಪು ಯಾರದಾಗುತ್ತದೆ? ಲೆಕ್ಕದ್ದಂತೂ ಅಲ್ಲ.

ಹೆಣ್ಣೇ ಹುಟ್ಟಿತು.

ಆಯಿ ಕೂಸಿನ ಮುಖ ನೋಡಲಿಲ್ಲ. ಹೆಸರು ಮಾತ್ರ ತಾನೇ ಇಟ್ಟಳು. ಸಾಕವ್ವ. ಸಾಕು ಎಂಬ ಅರ್ಥದಲ್ಲಿ. ಅವ್ವ ಗೋಡೆಯ ಕಡೆ ಹೊರಳಿ ಮಲಗಿದಳು.

ಬಾಣಂತನ ಮುಗಿಯುವುದರೊಳಗೆ ಅಪ್ಪನಿಗೆ ಎರಡನೆಯ ಮದುವೆಯ ಮಾತು ಶುರುವಾಯಿತು. ಹುಡುಗಿ ತಾಂಡೂರಿನವಳು, ನೀಲಮ್ಮ, ತಂದೆ ಇಲ್ಲದವಳು. ತಾಯಿ ಒಪ್ಪಿದ್ದಾಳೆ ಅಂತ ಸುದ್ದಿ ಬಂತು. ಕಾಕಾ ಜಗಳ ಮಾಡಿದರು. ಅಪ್ಪ ಮಾತಾಡಲಿಲ್ಲ. ಬೇಡ ಅನ್ನಲಿಲ್ಲ, ಹೂಂ ಅಂತಲೂ ಅನ್ನಲಿಲ್ಲ. ಮನೆಯ ಗಂಡಸು ಸುಮ್ಮನಿದ್ದರೆ ಅದನ್ನು ಒಪ್ಪಿಗೆ ಎಂದೇ ಬರೆದುಕೊಳ್ಳುತ್ತಾರಲ್ಲ?

ಅವ್ವ ಅಳಲಿಲ್ಲ. "ತವರಿಗೆ ಹೋಗಿ ಬರ್ತೀನ್ರಿ" ಅಂತ ಆಯಿಯ ಅಪ್ಪಣೆ ಕೇಳಿದಳು. ತವರು ನಾರಾಯಣಖೇಡದ ಆಚೆ, ಮನೂರಿನಲ್ಲಿ. ಆಯಿ ಹೂಂ ಅಂದಳು. ಆಕೆಗೂ ಅದೇ ಬೇಕಾಗಿತ್ತು.

ಮರುದಿನ ಬೆಳಿಗ್ಗೆ ಬಂಡಿ ನಾರಾಯಣಖೇಡದ ದಾರಿ ಹಿಡಿಯಲಿಲ್ಲ. ಸ್ಟೇಷನ್ನಿಗೆ ಹೋಯಿತು. ಅಲ್ಲಿ ಕಾಕಾ ಟಿಕೆಟ್ ತೆಗೆಸಿಕೊಂಡು ನಿಂತಿದ್ದರು. ಅವರು ರಜೆ ಮುಗಿಸಿ ಹೈದರಾಬಾದಿಗೆ ಹೊರಟಿದ್ದರು. ವಿಕಾರಾಬಾದಿನ ತನಕ ಒಂದೇ ಗಾಡಿ, ಅಲ್ಲಿಂದ ನಮ್ಮ ದಾರಿ ಬೇರೆ.

"ನಾನೂ ತಾಂಡೂರಿಗೆ ಬರ್ತೀನ್ರಿ ವೈನಿ" ಅಂದರು ಕಾಕಾ. (ಅತ್ತಿಗೆಗೆ ನಮ್ಮ ಕಡೆ ವೈನಿ ಅನ್ನುತ್ತಾರೆ.)

"ಬ್ಯಾಡ್ರಿ. ನೀವು ವರನ ತಮ್ಮ. ನೀವು ಬಂದ್ರ ಅದು ಗಂಡಸರ ಮಾತಾಗ್ತದ. ನಾ ಒಬ್ಬಾಕಿನೇ ಹೋಗ್ತೀನಿ."

ಒಬ್ಬಾಕೆ ಅಂದರೆ ಐದು ಮಕ್ಕಳ ಜತೆ! ಒಂದು ಕಂಕುಳಲ್ಲಿ, ನಾಲ್ಕು ಹಿಂದೆ.

ತಾಂಡೂರಿನ ಆ ಮನೆ ಸಣ್ಣದು. ಶಹಾಬಾದಿ ಕಲ್ಲಿನ ಮಾಡು. ಬಾಗಿಲಲ್ಲಿ ಕುಳಿತು ಜೋಳ ಕೇರುತ್ತಿದ್ದ ಹೆಂಗಸು ಎದ್ದು ನಿಂತಳು. ನೀಲಮ್ಮನ ತಾಯಿ, ರಾಚಮ್ಮ. ಯಾರು, ಎಲ್ಲಿಂದ ಬಂದಿರಿ ಅಂತ ಕೇಳಿದಳು. ಅವ್ವ ಜಹೀರಾಬಾದಿನ ಅಂಗಡಿಯ ಹೆಸರು ಹೇಳಿದಳು.

"ಜಗಳ ಮಾಡಾಕ ಬಂದೀರೇನ್ರಿ?"

"ಇಲ್ರಿ ಅಕ್ಕಾ. ನೀರಡಿಕಿ ಆಗ್ಯದ. ಮಕ್ಕಳಿಗಿ ಜರಾ ನೀರು ಕೊಡ್ರಿ."

ನೀರು ತಂದವಳು ನೀಲಮ್ಮ. ಹದಿನಾರರ ಒಳಗಿನ ಹುಡುಗಿ. ನನಗಿಂತ ಮೂರ್ನಾಲ್ಕು ವರ್ಷ ದೊಡ್ಡವಳು, ಅಷ್ಟೇ. ಇವಳನ್ನು ನಾನು ಚಿಕ್ಕವ್ವ ಅನ್ನಬೇಕೇ? ತಂಬಿಗೆ ಇಸಿದುಕೊಂಡು ತಂಗಿಯರಿಗೆ ನೀರು ಕುಡಿಸಿದೆ.

ಅವ್ವ ಕೂಸನ್ನು ಅವಳ ತೊಡೆಯ ಮೇಲೆ ಮಲಗಿಸಿದಳು. ನೀಲಮ್ಮ ಕೂಸಿನ ಗಲ್ಲ ಮುಟ್ಟಿದಳು.

"ಛಂದ ಅದ. ಏನು ಹೆಸರಿಟ್ಟೀರಿ ಅಕ್ಕಾ?"

"ಸಾಕವ್ವ ಅಂತ ಇಟ್ಟಾರವ್ವಾ."

ರಾಚಮ್ಮ ಕೇರುತ್ತಿದ್ದ ಮೊರ ಕೆಳಗಿಟ್ಟಳು.

ಅವ್ವ ದನಿ ಎತ್ತರಿಸಲಿಲ್ಲ. ಮೊದಲು ನನ್ನನ್ನು, ಆಮೇಲೆ ನನ್ನ ತಂಗಿಯನ್ನು ತೋರಿಸಿ ಹೇಳಿದಳು. "ಇದು ಹುಟ್ಟಿದಾಗ ಮುಂದಿಂದು ಗಂಡು ಅಂದ್ರು. ಆಮ್ಯಾಲ ಇದು ಹುಟ್ಟಿತು. ಆಗೂ ಮುಂದಿಂದು ಗಂಡು ಅಂದ್ರು. ಪ್ರತಿ ಸಲ ಅಂದ್ರು. ಈ ಸಲಂತೂ ಖಾತ್ರಿ ಅಂದ್ರು. ನಾನೂ ನಂಬೀನ್ರಿ. ನಿಮ್ಮ ಮಗಳಿಗೂ ಹಂಗೇ ಅಂತಾರ. ಗಂಡಾದ್ರ ಛಲೋ, ಆಗ್ಲಿ. ಆಗಲಿಲ್ಲಂದ್ರ ಈಕಿ ಯಾರ ಮನಿಗಿ ಹೋಗಿ ಕುಂಡ್ರಬೇಕು? ನಾ ಬ್ಯಾಡ ಅನ್ನಾಕ ಬಂದಿಲ್ರಿ. ಕಣ್ಣಾರೆ ನೋಡ್ರಿ ಅನ್ನಾಕ ಬಂದೀನಿ."

ರಾಚಮ್ಮ ನಮ್ಮನ್ನು ಒಬ್ಬೊಬ್ಬರಾಗಿ ನೋಡಿದಳು. ಆಮೇಲೆ ಒಳಗೆ ಹೋಗಿ ರೊಟ್ಟಿ ಬಡಿಯಲು ಕುಳಿತಳು. ಉಂಡು ಹೊರಡುವಾಗ ಅವ್ವನ ಹಣೆಗೆ ವಿಭೂತಿ ಹಚ್ಚಿ ಒಂದೇ ಮಾತು ಅಂದಳು. "ನಾ ಕೊಡಂಗಿಲ್ಲ ಅಂತ ಹೇಳಿ ಕಳಸ್ತೀನ್ರಿ. ನೀವು ಬಂದಿದ್ರಿ ಅಂತ ಮಾತ್ರ ಹೇಳಂಗಿಲ್ಲ."

ಹೇಳದಿದ್ದರೂ ಗೊತ್ತಾಗುತ್ತದೆ. ಗೊತ್ತಾಯಿತು. ಅಂದಿನಿಂದ ಆಯಿ ಅವ್ವನ ಕೈಯ ನೀರು ಕುಡಿಯಲಿಲ್ಲ. ಅಪ್ಪ ಆ ಮಳೆಗಾಲವೆಲ್ಲ ಊಟ ಅಂಗಡಿಗೇ ತರಿಸಿಕೊಂಡರು. ಊಟ ಒಯ್ಯುತ್ತಿದ್ದವಳು ನಾನು.

ಒಂದು ಮಧ್ಯಾಹ್ನ ಅಪ್ಪ ಬುತ್ತಿ ಬಿಚ್ಚದೆ ಕೇಳಿದರು. "ಅಲ್ಲಿ ನಿಮ್ಮವ್ವ ಏನಂದಳು?"

ನನಗೆ ಹೆದರಿಕೆಯಾಯಿತು. ಆದರೂ ಒಂದು ಅಕ್ಷರ ಬಿಡದೆ ಹೇಳಿದೆ. ಅಪ್ಪ ಬಟ್ಟೆಯ ಥಾನು ನೋಡುತ್ತ ಕೇಳಿಸಿಕೊಂಡರು.

"ಪ್ರತಿ ಸಲ ಅಂದ್ರು ಅಂದಳಾ?"

"ಹೂಂರಿ."

"ನಾನೂ ಅಂದಿದ್ನೇನು?"

"ಹೂಂರಿ ಅಪ್ಪಾ. ನೀವೂ ಅಂದಿದ್ರಿ."

ಅಪ್ಪ ಅವತ್ತು ಉಣ್ಣಲಿಲ್ಲ. ಸಂಜೆ ಬೇಗ ಅಂಗಡಿ ಮುಚ್ಚಿ ಮನೆಗೆ ಬಂದರು. ತೊಟ್ಟಿಲಲ್ಲಿದ್ದ ಕೂಸನ್ನು ಎತ್ತಿಕೊಂಡರು. ಹುಟ್ಟಿದ ಮೇಲೆ ಅವರು ಆಕೆಯನ್ನು ಮುಟ್ಟಿದ್ದು ಅದೇ ಮೊದಲು. "ಇನ್ನ ಮದಿವಿ ಮಾತು ಬ್ಯಾಡ" ಅಂತ ಆಯಿಗೆ ಹೇಳಿದರು. ಆಯಿ ಬಹಳ ಕೂಗಾಡಿದಳು. ಅಪ್ಪ ಕೂಸನ್ನು ಕೆಳಗಿಡಲಿಲ್ಲ.

ಕಾಕಾ ಮುಂದೆ ನನಗೆ ಲೆಕ್ಕ ಕಲಿಸಿದರು. ಅಪ್ಪ ಅಡ್ಡ ಬರಲಿಲ್ಲ. ಅವ್ವನಿಗೆ ಮತ್ತೆ ಮಕ್ಕಳಾಗಲಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ನಿಮಗೆ ಸಮಾಧಾನವಾಗುತ್ತಿತ್ತು. ನನಗೂ. ಆದರೆ ಇನ್ನೊಂದಿಷ್ಟು ಇದೆ.

ಕೆಲವು ವರ್ಷಗಳ ಮೇಲೆ, ನಿಜಾಮರ ರಾಜ್ಯ ಇನ್ನೂ ಇತ್ತು, ನಾವು ಧಾರೂರಿಗೆ ಒಂದು ಮದುವೆಗೆ ಹೋಗಿದ್ದೆವು. ಊಟದ ಪಂಕ್ತಿಯಲ್ಲಿ ಒಬ್ಬಾಕೆ ಬಂದು ಅವ್ವನ ಕಾಲು ಮುಟ್ಟಿದಳು. ಸೊರಗಿದ ಮುಖ. ಕಂಕುಳಲ್ಲಿ ಒಂದು ಹೆಣ್ಣು ಕೂಸು, ಸೆರಗು ಹಿಡಿದ ಹೆಣ್ಣುಮಕ್ಕಳು ಇಬ್ಬರು. ಆಕೆ ಮತ್ತೆ ಬಸುರಿ. ನೀಲಮ್ಮ ಅಂತ ಗುರುತು ಹಿಡಿಯಲು ಅವ್ವನಿಗೆ ಹೊತ್ತು ಹಿಡಿಯಿತು.

ರಾಚಮ್ಮ ಮಗಳನ್ನು ನಮ್ಮ ಮನೆಗೆ ಕೊಡಲಿಲ್ಲ, ನಿಜ. ಮರುವರ್ಷ ಧಾರೂರಿಗೆ ಕೊಟ್ಟಳು. ಅಲ್ಲೂ ಎರಡನೆಯ ಹೆಂಡತಿಯಾಗಿ. ಅಲ್ಲೂ ಗಂಡು ಬೇಕಾಗಿತ್ತು.

"ನಿಮ್ಮವ್ವ ಅಷ್ಟು ನೋಡಿನೂ ಮತ್ತ ಎರಡನೇ ಸಂಬಂಧಕ್ಕ ಕೊಟ್ಟಳೇನವ್ವಾ?" ಅವ್ವ ಕೇಳಿದಳು.

ನೀಲಮ್ಮ ಸಿಟ್ಟಿನಿಂದ ಹೇಳಲಿಲ್ಲ. ಸಹಜವಾಗಿ ಹೇಳಿದಳು. "ಈ ಮನಿ ಮೊದಲನೇ ಹೇಂತಿ ನಿಮ್ಮಂಗ ನಮ್ಮ ಬಾಗಿಲಿಗಿ ಬರಲಿಲ್ಲಕ್ಕಾ."

ಆಮೇಲೆ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಮೆಲ್ಲಗೆ ಅಂದಳು. "ಈ ಸಲ ಗಂಡೇ ಅಂತಾರ."

ತಾಂಡೂರಿನಲ್ಲಿ ಅಳದ ಅವ್ವ ಧಾರೂರಿನಲ್ಲಿ ಅತ್ತಳು. ಊಟದ ಎಲೆಯ ಮುಂದೆ, ಎಲ್ಲರ ಎದುರಿಗೆ. ನಾನು ಆಕೆಯ ಬೆನ್ನ ಮೇಲೆ ಕೈ ಇಟ್ಟು ಕುಳಿತೆ.

ನೀಲಮ್ಮನಿಗೆ ಆ ಸಲ ಏನಾಯಿತೋ ನಮಗೆ ತಿಳಿಯಲಿಲ್ಲ. ಮುಂದೆ ನಿಜಾಮರ ರಾಜ್ಯ ಮುಗಿಯುವ ಹೊತ್ತಿನ ಗಲಾಟೆಯ ದಿನಗಳು ಬಂದವು, ಆ ಕಡೆಯ ಹೋಗಿಬರುವಿಕೆ ನಿಂತಿತು.

ನಾನು ಟೀಚರ್ ಆದೆ. ಸಂಭವನೀಯತೆಯ ಪಾಠ ಎಷ್ಟು ಸಲ ಮಾಡಿದ್ದೇನೋ ನೆನಪಿಲ್ಲ. ಹಿಂದೆ ಆದದ್ದು ಮುಂದಿನದನ್ನು ಬದಲಿಸುವುದಿಲ್ಲ ಎಂದು ಕಲಿಸಿದೆ. ಬಜಾರಿನ ಆವರೇಜನ್ನು ಮನೆಗೆ ಹೊರಿಸಬೇಡಿ ಎಂದು ಕಲಿಸಿದೆ. ಹುಡುಗರು ಬರೆದುಕೊಂಡರು, ಪಾಸಾದರು. (ಗಂಡೋ ಹೆಣ್ಣೋ ಎಂಬುದು ತಂದೆಯ ಕಡೆಯಿಂದ ತೀರ್ಮಾನವಾಗುತ್ತದೆ ಎಂದು ಪಕ್ಕದ ಕ್ಲಾಸಿನಲ್ಲಿ ಬಯಾಲಜಿ ಟೀಚರ್ ಕಲಿಸುತ್ತಿದ್ದರು. ಅದನ್ನೂ ಬರೆದುಕೊಂಡರು.)

ಮಗು ಗಂಡೋ ಹೆಣ್ಣೋ, ಸಂಭವ ಎರಡಕ್ಕೂ ಹೆಚ್ಚುಕಡಿಮೆ ಸಮ. ಶಿಕ್ಷೆ ಮಾತ್ರ ಯಾಕೆ ಯಾವಾಗಲೂ ಹೆತ್ತವಳೊಬ್ಬಳಿಗೆ?